ಕೂಗುಗಲ್ಲಿನ ಕೊನೆಯ ಹೆಸರು

ನಮ್ಮ ಊರಿನ ಕಚೇರಿಯ ಕಂಪ್ಯೂಟರು ಯಾವ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೋ ಆ ಪದ ಆಮೇಲೆ ಊರಿನಲ್ಲಿ ಯಾರ ಬಾಯಿಂದಲೂ ಹೊರಡುವುದಿಲ್ಲ. ಬಾಯಿ ತೆರೆಯುತ್ತದೆ, ನಾಲಿಗೆ ಏಳುತ್ತದೆ, ಪದ ಬರಬೇಕಾದ ಜಾಗದಲ್ಲಿ ಬರೀ ಉಸಿರು ಬರುತ್ತದೆ. ಹೊರಗಿನವರಿಗೆ ಇದು ವಿಚಿತ್ರ ಅನಿಸಬಹುದು. ಪಕ್ಕದೂರಿನ ಸಂತೆ ಮಂಗಳವಾರ, ನಮ್ಮದು ಶುಕ್ರವಾರ ಅನ್ನುವಷ್ಟೇ ಸಹಜ ಇದು ನಮಗೆ. ಮೊದಲೆಲ್ಲ ಹೀಗಾಗುತ್ತಿದ್ದುದೂ ಅಪರೂಪ. ಆದಾಗ ಯಾರಾದರೂ ಕಚೇರಿಯ ಕಿಟಕಿಗೆ ಬಂದು ತಮ್ಮ ಬಾಯಿಯನ್ನು ಬೆರಳಿನಿಂದ ತೋರಿಸುತ್ತಿದ್ದರು. ನಾನು ಗೆರೆ ಬಿದ್ದ ಪದವನ್ನು ಹುಡುಕಿ, ಅದರ ಮೇಲೆ ಒತ್ತಿ, ‘ಪದಕೋಶಕ್ಕೆ ಸೇರಿಸು’ ಎಂಬಲ್ಲಿ ಇನ್ನೊಮ್ಮೆ ಒತ್ತುತ್ತಿದ್ದೆ. ಗೆರೆ ಅಳಿಸಿಹೋಗುತ್ತಿತ್ತು. ಅವರು ಅಲ್ಲೇ ನಿಂತು ಆ ಪದವನ್ನು ಎರಡು ಸಲ ಹೇಳಿ ನೋಡಿ, ನಗುತ್ತ ಹೋಗುತ್ತಿದ್ದರು.

ಹಗಲಿನಲ್ಲಿ ನಾನು ಆ ಕಚೇರಿಯ ಟೈಪಿಸ್ಟು. ಸಂಜೆ ಕೆರೆಯ ದಡದಲ್ಲಿ ಕೇಳುವವನು. ಎರಡನೆಯದೇ ನನಗೆ ಒಗ್ಗಿದ ಕೆಲಸ. ನನ್ನನ್ನು ಸಾಕಿದ್ದು ಸೋದರತ್ತೆ. ದಿನಾ ದೀಪ ಹಚ್ಚಿದ ಮೇಲೆ ಆಕೆ ಪದ್ಯ ಓದುತ್ತಿದ್ದಳು, ರಾಗವಾಗಿ, ಮುಂದಿನ ಸಾಲಿಗೆ ಅವಸರವೇ ಇಲ್ಲದವಳ ಹಾಗೆ. ಪ್ರತಿ ಸಾಲಿನ ಕೊನೆಗೆ ‘ಹೂಂ’ ಅನ್ನುವುದು ನನ್ನ ಪಾಲಿನ ಸೇವೆ. ಹೂಂ ಅನ್ನದಿದ್ದರೆ ಆಕೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. “ನಾ ಓದೋದು ದೇವರಿಗೆ, ಖರೆ. ಆದರ ದೇವರ ಕಡಿಂದ ಹೂಂ ಅನ್ನಾವ್ರು ಒಬ್ಬರು ಬೇಕಲ್ಲೋ” ಅನ್ನುತ್ತಿದ್ದಳು. ಅರ್ಥ ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವಿನ ಆ ಚೂರು ಮೌನವನ್ನು ಕೇಳುವುದಂತೂ ಕಲಿತೆ. ಊರಿನವರು ನನಗಿಟ್ಟ ಹೆಸರು ಹೂಂಕಾರಪ್ಪ. ನನ್ನ ನಿಜವಾದ ಹೆಸರು ಅವರಲ್ಲಿ ಅರ್ಧ ಜನಕ್ಕೆ ಮರೆತುಹೋಗಿದೆ.

ನಮ್ಮ ಕೆರೆ ದೊಡ್ಡದು. ಹೊತ್ತು ಇಳಿಯುತ್ತಿದ್ದ ಹಾಗೆ ಅದರ ಮೇಲೆ ಮಂಜು ಬಂದು ಕೂರುತ್ತದೆ. ಮಂಜಿನಲ್ಲಿ ದೋಣಿಯವರಿಗೆ ದಡ ಯಾವ ಕಡೆ, ಕೋಡಿ ಯಾವ ಕಡೆ ತಿಳಿಯುವುದಿಲ್ಲ. ಕೋಡಿಯ ಕಡೆ ನೀರಿಗೆ ಸೆಳೆತ ಜಾಸ್ತಿ. ಅಲ್ಲಿಂದ ಕೆಳಗೆ ಬಿದ್ದರೆ ಹಲಗೆಯೂ ಸಿಗುವುದಿಲ್ಲ, ಮನುಷ್ಯನೂ ಸಿಗುವುದಿಲ್ಲ. ದೀಪ ಇಟ್ಟರೆ ಮಂಜು ನುಂಗುತ್ತದೆ. ಗಂಟೆ ಬಾರಿಸಿದರೆ ಸುತ್ತಲ ಗುಡ್ಡಗಳು ಆ ಸದ್ದನ್ನು ನಾಲ್ಕೂ ದಿಕ್ಕಿಗೆ ಹಂಚಿಬಿಡುತ್ತವೆ. ತನ್ನ ಹೆಸರಿಗೆ ಮಾತ್ರ ಮನುಷ್ಯನ ಕತ್ತು ತಾನಾಗಿ ತಿರುಗುತ್ತದೆ, ತಿರುಗಬೇಕಾದ ಕಡೆಗೇ ತಿರುಗುತ್ತದೆ. ಅದಕ್ಕೇ ದಡದಲ್ಲಿ ಕೂಗುಗಲ್ಲು ಇದೆ, ಅದರ ಮೇಲೆ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುವವಳು ತುಂಗಕ್ಕ. ಕೂಗಿ ಕೂಗಿ ಅವಳ ಕಿವಿ ಗುಂಯ್‌ಗುಡುವುದರಿಂದ, ನೀರಿನಿಂದ ಬರುವ ‘ಓ’ ಎಂಬ ಉತ್ತರವನ್ನು ಕೇಳಿಸಿಕೊಳ್ಳಲು ಪಕ್ಕದಲ್ಲಿ ನಾನು. ನಮ್ಮಿಬ್ಬರ ಹೊರತು ಆ ಹೊತ್ತಿನಲ್ಲಿ ದಡದ ಮೇಲೆ ಯಾರೂ ಸದ್ದು ಮಾಡುವಂತಿಲ್ಲ. ಅಳುವ ಕೂಸುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾರೆ.

ಇನ್ನೊಂದು ಕಟ್ಟುಪಾಡು ಇದೆ. ನೀರಿಗಿಳಿಯುವವರ ಹೆಸರನ್ನು ಹಗಲಿನಲ್ಲಿ ಯಾರೂ ಹೇಳುವುದಿಲ್ಲ. ಅಣ್ಣ, ಮಾವ, ಅಳಿಯ, ಅತ್ತಿಗೆ, ಹೀಗೇ ನಡೆಯುತ್ತದೆ. ಹಗಲೆಲ್ಲ ಕರೆದು ಸವೆಸಿದ ಹೆಸರಿಗೆ ಸಂಜೆ ಮಂಜಿನಲ್ಲಿ ಕತ್ತು ತಿರುಗುವುದಿಲ್ಲ ಎಂದು ನಂಬಿಕೆ. ಹೆಸರೆಂದರೆ ಸಂಜೆಗೆ ಎತ್ತಿಟ್ಟ ಊಟದ ಹಾಗೆ.

ತುಂಗಕ್ಕ ಎಲ್ಲರನ್ನೂ ಕೂಗುತ್ತಾಳೆ, ಒಬ್ಬನನ್ನು ಬಿಟ್ಟು. ಅವಳ ಗಂಡ ದ್ಯಾಮಣ್ಣನನ್ನು. ಗಂಡನ ಹೆಸರು ಹೇಳಬಾರದು ಎಂದು ಅವಳಿಗೆ ಅವಳ ತಾಯಿ, ತಾಯಿಗೆ ಅವಳ ತಾಯಿ ಹೇಳಿಕೊಟ್ಟಿದ್ದು. ಜೀವಮಾನದಲ್ಲಿ ಅವಳು ಆ ಹೆಸರನ್ನು ಹೇಳಿದ್ದು ಒಂದೇ ಸಲ, ಮದುವೆಯ ದಿನ, ಒಡಪಿನಲ್ಲಿ. ಮದುಮಗಳು ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಅಡಗಿಸಿ ಹೇಳಿದರೇ ಬಾಗಿಲು ಬಿಡುವುದು ನಮ್ಮ ಕಡೆಯ ಪದ್ಧತಿ. ಆಮೇಲೆ ಆ ಹೆಸರಿಗೆ ಬಾಯಿ ಮುಚ್ಚಿತು. ಕೂಗುಗಲ್ಲಿನ ಮೇಲೆ ಕೊನೆಯ ಸರದಿ ಯಾವಾಗಲೂ ದ್ಯಾಮಣ್ಣನದು, ಕೂಗುವವರ ಮನೆಯವರು ಕೊನೆಗೆ ಎಂಬ ಮರ್ಯಾದೆಗಾಗಿ. ಆ ಸರದಿ ಬಂದಾಗ ತುಂಗಕ್ಕ ಕೆಮ್ಮಿ, ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡುತ್ತಾಳೆ. ನಾನು ಎದ್ದು ನಿಂತು ಕೂಗುತ್ತೇನೆ. ದಿನಕ್ಕೆ ನಾನು ಜೋರಾಗಿ ಹೇಳುವ ಮಾತು ಅದೊಂದೇ.

“ಅಕ್ಕಾ, ಒಂದಿನರ ನೀನೇ ಕರೀ. ಈ ಹೂಂಕಾರಪ್ಪನ ದನಿ ಕೇಳಿ ಮಾವ ಕರು ಒದರಾಕತ್ತೈತಿ ಅಂತ ಕೊಟ್ಟಿಗಿ ಕಡಿ ಹೊಂಟಾನು” ಎಂದು ದಡಕ್ಕೆ ಬಂದ ದೋಣಿಯವರು ಕಾಡುತ್ತಿದ್ದರು.

“ಅವ್ರಿಗೆ ಕರಿಯೋದು ಯಾಕ ಬೇಕು? ಸಾರಿನ ವಾಸನಿ ಹೋತಂದ್ರ ತಾವ ಬರ್ತಾರ” ಅನ್ನುತ್ತಿದ್ದಳು ತುಂಗಕ್ಕ.

ಮೀನು ಮೊಟ್ಟೆ ಇಡುವ ಕಾಲಕ್ಕೆ ಕೆರೆಗೆ ಇಳಿಯುವುದನ್ನು ನಿಲ್ಲಿಸುತ್ತೇವೆ. ಆ ಬಿಡುವಿನ ಕೊನೆಯ ವಾರದಲ್ಲಿ ಕಂಪ್ಯೂಟರಿಗೆ ಹೊಸ ವ್ಯವಸ್ಥೆ ಬಂತು. ಮೇಲಿನವರು ಎಲ್ಲಿಂದಲೋ ಕಳಿಸಿದ್ದು. ರಾತ್ರಿ ತಾನಾಗಿ ಬಂದು ಕೂತಿತ್ತು, ಬೆಳಗ್ಗೆ ನೋಡುವಾಗ ಪರದೆಯ ಬಣ್ಣ ಬದಲಾಗಿತ್ತು, ಗುಂಡಿಗಳು ಜಾಗ ಬದಲಿಸಿದ್ದವು. ನಾನು ಕೈಮುಗಿದು ಮೊದಲಿಗೆ ಕಂದಾಯದ ನೋಟಿಸು ತೆರೆದೆ. ಮೇಲಿನಿಂದ ಕೆಳಗಿನವರೆಗೆ ಕೆಂಪು ಗೆರೆ, ಹೊಸದಾಗಿ ಊರಿದ ಮೆಣಸಿನ ಸಸಿಗಳ ಹಾಗೆ ಸಾಲುಸಾಲು. ಗಾಬರಿಯಿಂದ ಅದನ್ನು ಮುಚ್ಚಿ ದೋಣಿ ಪರವಾನಗಿಯ ಕಡತ ತೆರೆದೆ. ಅಲ್ಲಿಯೂ ಅದೇ. ಹತ್ತು ದೋಣಿ, ಹತ್ತು ಹೆಸರು, ಎಲ್ಲದರ ಬುಡದಲ್ಲೂ ಕೆಂಪು ಅಲೆ. ಜಿಲ್ಲೆಯಿಂದ ಜನ ಬರುವವರೆಗೆ ಏನನ್ನೂ ಒತ್ತಕೂಡದೆಂದು ಮುಖ್ಯಾಧಿಕಾರಿಗಳ ಅಪ್ಪಣೆಯಾಯಿತು. ಇನ್ನು ಏನನ್ನೂ ತೆರೆಯದೆ ಕೈಕಟ್ಟಿ ಕುಳಿತೆ.

ಬೀದಿಯಲ್ಲಿ ಆಗಲೇ ಗೊತ್ತಾಗಿತ್ತು. ಕಂದಾಯ ವಸೂಲಿಗೆ ಹೊರಟವನು ಮೊದಲ ಬಾಗಿಲಲ್ಲೇ ಬಾಯಿ ಕಳೆದುಕೊಂಡು ನಿಂತಿದ್ದ. “ಏನು ಬೇಕ್ರಿ?” ಎಂದು ಒಳಗಿನಾಕೆ ಕೇಳಿದಳು. ಅವನು ಗಾಳಿ ಉಗುಳಿದ. “ಹೇಳಾಕ ಬರಲ್ಲಂದ್ರ ಕೊಡಾಕೂ ಬರಲ್ಲ ಬಿಡ್ರಿ” ಎಂದು ಅವಳು ಖುಷಿಯಿಂದ ಬಾಗಿಲು ಹಾಕಿಕೊಂಡಳು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳಿಗೂ ಬಿಸಿ ತಟ್ಟಿತು. ನೋಟಿಸಿನಲ್ಲಿ ನೀರು ಇತ್ತು, ಮನೆ ಇತ್ತು, ಬಾಗಿಲೂ ಇತ್ತು, ಚಹಾದಂಗಡಿಯೂ ಇತ್ತು. ಚಹಾದಂಗಡಿಯ ಬೀಬಿಜಾನಮ್ಮ ಗಿರಾಕಿಗೆ, “ಮೊದಲ ಕುಡಿಯೋದು ಕೊಡ್ಲೋ, ಬಿಸಿ ಮಾಡಿ ಕುಡಿಯೋದು ಕೊಡ್ಲೋ?” ಎಂದು ಕೇಳುವಂತಾಯಿತು. ಪರವೂರಿನ ಬೀಗರು ಬಂದು ವಿಳಾಸ ಕೇಳಿದರೆ ಜನ, “ಅಲ್ಲಿ ನಾವು ಮಲಗೋ ಜಾಗ ಐತಲ್ಲ, ಹೆಂಚಿಂದು, ಅದರ ಬಾಜೂಕ” ಅನ್ನುತ್ತಿದ್ದರು. ಒಂದೆರಡು ದಿನದಲ್ಲಿ ಜನಕ್ಕೆ ಇದರಲ್ಲಿ ರುಚಿ ಹತ್ತಿತು. ನಾನು ಕಚೇರಿಗೆ ಹೋಗುವ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದೆ. ನೀರನ್ನು ನೀರು ಅನ್ನದೆ ಹೇಳಲು ಹೋದವರು ನೀರನ್ನು ಮೊದಲ ಸಲ ನೋಡಿದವರ ಹಾಗೆ ಮಾತಾಡುತ್ತಿದ್ದರು. ಒಬ್ಬ ಮುದುಕ ಅದನ್ನು ‘ಕೈಯಾಗ ನಿಲ್ಲದ್ದು’ ಅಂದ. ಅತ್ತೆ ಇದ್ದು ಓದಿದ್ದರೆ ನಾನು ಹೂಂ ಅನ್ನುತ್ತಿದ್ದ ಸಾಲು ಅದು.

ಹೆಸರುಗಳ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಹಗಲಿನಲ್ಲಿ ಅವನ್ನು ಹೇಳುವವರು ಯಾರು? ಕೆರೆಗೆ ಇಳಿಯದ ಕಾಲವಾದ್ದರಿಂದ ಸಂಜೆಯ ಕೂಗೂ ಇರಲಿಲ್ಲ.

ಕೆರೆ ತೆರೆಯುವ ಹಿಂದಿನ ದಿನ ಜಿಲ್ಲೆಯಿಂದ ರೋಹನ ಎಂಬ ಕಂಪ್ಯೂಟರಿನ ಹುಡುಗ ಬಂದ. ಒಳ್ಳೆಯವನೇ. ಬರುತ್ತಲೇ ಪರದೆ ನೋಡಿ, “ಅಪ್‌ಗ್ರೇಡ್ ಆದಾಗ ಭಾಷೆ ಬದಲಾಗಿದೆ ಸರ್. ಇದು ನಿಮ್ಮ ಕನ್ನಡವನ್ನ ಯಾವುದೋ ಬೇರೆ ಭಾಷೆ ಅಂದ್ಕೊಂಡು ಓದ್ತಿದೆ. ಪಾಪ, ಅದಕ್ಕೆ ಎಲ್ಲವೂ ತಪ್ಪೇ” ಅಂದ. ಸೆಟ್ಟಿಂಗಿನಲ್ಲಿ ಕನ್ನಡ ಹಾಕಿದ. ಗೆರೆಗಳು ಕದಲಲಿಲ್ಲ. ಅದು ಇನ್ನು ಮುಂದೆ ಬರೆಯುವುದಕ್ಕೆ ಮಾತ್ರವಂತೆ. ಹಳೆಯ ಬರಹಕ್ಕೆ ಹಳೆಯ ಭಾಷೆ ಅಂಟಿಕೊಂಡೇ ಇರುತ್ತದೆ. ಇಡೀ ಕಡತವನ್ನು ಆಯ್ದು ‘ನೀನು ಕನ್ನಡ’ ಎಂದು ಅದಕ್ಕೆ ಬೇರೆಯಾಗಿಯೇ ಹೇಳಬೇಕಂತೆ. ಅವನು ಹಾಗೆ ಮಾಡಿದ. ಕಂದಾಯದ ನೋಟಿಸು ಒಂದೇ ಉಸಿರಿಗೆ ಬೆಳ್ಳಗಾಯಿತು. ಕಿಟಕಿಯ ಹೊರಗೆ ಯಾರೋ, “ನೀರು! ಏ, ನೀರು ಬಂತಲೇ ಬಾಯಾಗ!” ಎಂದು ಕಿರುಚಿದರು. ಪರವಾನಗಿಯ ಕಡತದಲ್ಲೂ ದೋಣಿ, ಮೀನು, ಕೆರೆ ಎಲ್ಲ ಸರಿಹೋದವು. ಹತ್ತು ಹೆಸರುಗಳ ಕೆಳಗಿನ ಗೆರೆ ಮಾತ್ರ ಹಾಗೇ ಉಳಿಯಿತು.

“ಇವು ಹಳೇ ವ್ಯವಸ್ಥೆಗೆ ಗೊತ್ತಿದ್ದವು. ನಮಗಿಂತ ಮೊದಲಿನವರು ಒಂದೊಂದಾಗಿ ಸೇರಿಸಿದ್ದರು” ಎಂದೆ.

“ಆ ಪದಕೋಶ ಅಪ್‌ಗ್ರೇಡಲ್ಲಿ ಹೋಯ್ತು ಅನ್ಸುತ್ತೆ. ಬಿಡಿ, ಹೆಸರು ತಾನೆ? ಹೆಸರಿಗೆ ಎಲ್ಲ ಕಡೆನೂ ಗೆರೆ ಬರ್ತದೆ. ಗೆರೆ ಕಾಣಬಾರದು ಅಷ್ಟೇ ಅಲ್ವಾ?” ಅವನು ಎಲ್ಲೋ ಒಂದು ಚೌಕದಲ್ಲಿದ್ದ ಗುರುತನ್ನು ತೆಗೆದ. ಪರದೆಯ ಮೇಲೆ ಗೆರೆ ಎಂಬುದೇ ಇಲ್ಲವಾಯಿತು.

ಮುಖ್ಯಾಧಿಕಾರಿ ಅಣ್ಣಾಜಿ ಸಾಹೇಬರು ಹಿಂದಿನಿಂದ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದರು. “ಸಾಹೇಬರ, ಹೆಸರು…” ಎಂದೆ. “ಎಲ್ಲೈತಿ ಗೆರಿ, ತೋರ್ಸು?” ಅಂದರು. ತೋರಿಸಲು ಏನೂ ಇರಲಿಲ್ಲ. ಅನುಮಾನ ಹೋಗಲಿಲ್ಲ ನನಗೆ. ಆದರೆ ಹಗಲು ಹೊತ್ತಿನಲ್ಲಿ ದೋಣಿಯವರ ಹೆಸರನ್ನು ಹೇಳಿ ಪರೀಕ್ಷೆ ಮಾಡುವುದು ನಮ್ಮಲ್ಲಿ ಯಾರ ನಾಲಿಗೆಗೂ ಬರುವ ಕೆಲಸವಲ್ಲ, ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ರೋಹನ ಬಸ್ಸು ಹತ್ತಿದ.

ಮರುದಿನ ಕೆರೆ ತೆರೆಯಿತು. ಹುಡುಗರು “ದೋಣಿ, ದೋಣಿ” ಎಂದು ತಿರುಗಿ ಬಂದ ಪದವನ್ನು ಬಾಯಿತುಂಬ ಆಡುತ್ತ ದಡದಲ್ಲಿ ಓಡಿದರು. ಹತ್ತೂ ದೋಣಿಗಳು ನೀರಿಗಿಳಿದವು. ದ್ಯಾಮಣ್ಣ ಕೊನೆಯದಾಗಿ ಹೊರಟ. ಹುಟ್ಟು ಹಾಕುತ್ತ ಹೆಂಡತಿಯ ಕಡೆ ತಿರುಗಿ, “ಇವತ್ತ ಸಾರಿಗೆ ಹುಳಿ ಕಡಿಮಿ ಹಾಕು. ವಾಸನಿ ದೂರ ಬರಬೇಕು” ಅಂದ. ತುಂಗಕ್ಕ ಅವನತ್ತ ನೋಡದೆ ನನಗೆ, “ಕೇಳಿದೇನಪಾ? ಹುಳಿ ಕಡಿಮಿ ಆದ್ರ ವಾಸನಿ ಹೆಚ್ಚಂತ. ಎಲ್ಲಿ ಕಲ್ತ್ರೋ ಇದನ್ನ” ಎಂದಳು.

ಸಂಜೆ ಮಂಜು ಬೇಗನೇ ಇಳಿಯಿತು. ತುಂಗಕ್ಕ ಕಲ್ಲು ಹತ್ತಿದಳು. ಹಿತ್ತಲಿಗೆ ಕೂಸುಗಳು ಹೋದವು, ದಡ ಮೌನವಾಯಿತು. ಅವಳು ಎದೆ ತುಂಬ ಉಸಿರೆಳೆದು ಮೊದಲ ಹೆಸರಿಗೆ ಬಾಯಿ ತೆರೆದಳು. ಉಸಿರು ಬಂತು, ಹೆಸರು ಬರಲಿಲ್ಲ. ಎರಡನೆಯದು, ಮೂರನೆಯದು. ಅವಳು ತನ್ನ ಗಂಟಲನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ದಡದಲ್ಲಿದ್ದ ಹೆಂಗಸರಲ್ಲಿ ಯಾರೋ “ಅಯ್ಯ ಶಿವನೇ” ಎಂದದ್ದು ಕೇಳಿಸಿತು. ಮಂಜಿನೊಳಗೆ ಹುಟ್ಟಿನ ಸದ್ದುಗಳು, ಕೆಲವು ಬಲಕ್ಕೆ, ಕೆಲವು ಎಡಕ್ಕೆ, ಒಂದೆರಡು ಆಗಲೇ ಕೋಡಿಯ ಕಡೆಗೆ. ಅವರು ಕರೆ ಕಾಯುತ್ತಿದ್ದರು.

“ಅಕ್ಕಾ, ನಾ ಕಚೇರಿಗೆ ಹೊಂಟೆ. ನೀ ನಿಲ್ಲಿಸಬ್ಯಾಡ. ಒಂದೊಂದ ಹೆಸರಿಗೂ ಬಾಯಿ ತೆರೀತಾ ಇರು. ಬಂದಿದ್ದನ್ನ ಬಿಡಬ್ಯಾಡ” ಎಂದು ಹೇಳಿ ಮೆಟ್ಟಿಲು ಹತ್ತಿ ಓಡಿದೆ.

ಕಚೇರಿ ದಡದ ಮೇಲಿನ ಬಂಡೆಯ ಮೇಲಿದೆ, ಅದರ ಕಿಟಕಿ ಕೆರೆಗೆ ತೆರೆದುಕೊಳ್ಳುತ್ತದೆ. ಸಾಹೇಬರು ಬೀಗ ಹಾಕುತ್ತಿದ್ದರು. “ಹಾಕಬ್ಯಾಡ್ರಿ” ಎಂದೆ. ನಾನು ಅಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ.

“ಗೆರಿ ಇಲ್ಲಲ್ಲೋ?”

“ಗೆರಿ ಇಲ್ಲ, ಹೆಸರೂ ಇಲ್ಲ.”

ಕಂಪ್ಯೂಟರು ಏಳಲು ತೆಗೆದುಕೊಂಡ ಹೊತ್ತಿನಲ್ಲಿ ನಾನು ಅತ್ತೆ ಓದುತ್ತಿದ್ದ ಒಂದು ಸ್ತುತಿಯನ್ನು ಪೂರ್ತಿ ಹೇಳಿಕೊಂಡೆ. ಕಡತ ತೆರೆದೆ. ಹತ್ತು ಹೆಸರುಗಳು ಏನೂ ಆಗದವರ ಹಾಗೆ ಬೆಳ್ಳಗೆ ಕುಳಿತಿದ್ದವು. ಗೆರೆ ಕಾಣಿಸದೆ ‘ಸೇರಿಸು’ ಎಂಬುದೂ ಕಾಣಿಸುವುದಿಲ್ಲ. ರೋಹನ ಗುರುತು ತೆಗೆದ ಚೌಕ ಎಲ್ಲಿತ್ತು? ಹೊಸ ವ್ಯವಸ್ಥೆಯಲ್ಲಿ ಒಂದು ಬಾಗಿಲು ತೆರೆದರೆ ಇನ್ನೊಂದು ಪಡಸಾಲೆ. ಸಾಹೇಬರು ಹೆಗಲ ಮೇಲಿಂದ, “ಅಲ್ಲಿ, ಅಲ್ಲಿ ಒತ್ತು… ಅಲ್ಲಲ್ಲ, ಬ್ಯಾಡ” ಅನ್ನುತ್ತಿದ್ದರು. ಕೊನೆಗೆ ಒಂದು ಉದ್ದ ಪಟ್ಟಿಯ ತಳದಲ್ಲಿ ಆ ಚೌಕ ಸಿಕ್ಕಿತು. ಗುರುತು ಹಾಕಿದೆ. ಹತ್ತು ಕೆಂಪು ಅಲೆಗಳು ಒಟ್ಟಿಗೆ ಎದ್ದು ಬಂದವು. ಕೆಂಪು ಗೆರೆ ಕಂಡು ಸಂತೋಷಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಮೊದಲ ಹೆಸರನ್ನು ಸೇರಿಸಿದೆ. ಬೆರಳು ಎತ್ತುವಷ್ಟರಲ್ಲಿ ಕೆಳಗಿನಿಂದ ತುಂಗಕ್ಕನ ದನಿ ಸಿಡಿಯಿತು: “ಫಕೀರಣ್ಣಾ…!” ಅವಳು ಬಾಯಿ ತೆರೆದೇ ಇದ್ದಿರಬೇಕು. ಗುಡ್ಡಗಳು ಅದನ್ನು ಹಿಡಿದು ಸುತ್ತಿಸಿದವು. ಕಿವಿ ಕಿಟಕಿಗಿಟ್ಟೆ. ದೂರದಿಂದ, ತೆಳ್ಳಗೆ, “ಓ…”

“ಹೂಂ” ಎಂದೆ, ಅಭ್ಯಾಸದಿಂದ. ಎರಡನೆಯದನ್ನು ಸೇರಿಸಿದೆ. “ಯಂಕೋಬಾ…!” ಮೂರನೆಯದಕ್ಕೆ ಉತ್ತರ ಬರಲು ತಡವಾಯಿತು. ಅವಳು ಮತ್ತೆ ಮತ್ತೆ ಕೂಗಿದಳು, ನಾನು ಮುಂದಿನದಕ್ಕೆ ಹೋಗಲಾರದೆ ಕಾದೆ, ಸಾಹೇಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಕೋಡಿಯ ಕಡೆಯಿಂದ ಬಂತು ಆ ಓ. ಆಮೇಲೆ ಸರಸರ ಸಾಗಿತು. ನಾನು ಒತ್ತುವುದು, ಅವಳು ಕೂಗುವುದು, ನೀರು ಉತ್ತರಿಸುವುದು, ಒಂದರ ಹಿಂದೆ ಒಂದು, ಯಾರೋ ಮೊದಲೇ ಕಟ್ಟಿಟ್ಟ ಪದ್ಯದ ಹಾಗೆ. ಒಂಬತ್ತನೆಯದು ಮಾಚಪ್ಪನದು. ಅವನು ಓ ಅನ್ನದೆ, “ಬಂದ್ನೆವ್ವಾ, ಇಷ್ಟೊತ್ತು ಎಲ್ಲಿ ಸತ್ತಿದ್ದೀ!” ಎಂದು ಬೈದದ್ದು ಮೇಲಿನವರೆಗೂ ಕೇಳಿಸಿತು. ಸಾಹೇಬರು ನಕ್ಕರು.

ಹತ್ತನೆಯದನ್ನು ಸೇರಿಸಿದೆ. ದ್ಯಾಮಣ್ಣನ ಕೆಳಗಿನ ಗೆರೆ ಹೋಯಿತು. ಕಿವಿಯಿಟ್ಟೆ.

ಏನೂ ಕೇಳಿಸಲಿಲ್ಲ. ಕೆಳಗೆ ಒಂದು ಕೆಮ್ಮು ಕೇಳಿಸಿತು, ಅಷ್ಟೇ. ಸೆರಗು ಸರಿಮಾಡಿಕೊಳ್ಳುವಾಗಿನ ಕೆಮ್ಮು. ಆಗ ನನಗೆ ಹೊಳೆಯಿತು. ಆ ಹೆಸರನ್ನು ಕೂಗುವವನು ನಾನು. ನನ್ನ ಜಾಗ ಅಲ್ಲಿ ಖಾಲಿ ಇದೆ. ಕಿಟಕಿಯಿಂದಲೇ ಕೂಗಲು ಬಾಯಿ ತೆರೆದೆ, ಸಾಹೇಬರು ನನ್ನ ರಟ್ಟೆ ಹಿಡಿದರು. “ಇಲ್ಲಿಂದ ಕೂಗಿದ್ರ ಈ ಬಂಡಿಗಲ್ಲಿಗೇ ಬಂದು ಬಡೀತಾನ, ಮಾರಾಯ.” ಹೌದು. ಹೆಸರು ಎಲ್ಲಿಂದ ಬರುತ್ತದೋ ಅಲ್ಲಿಗೇ ದೋಣಿ ಬರುತ್ತದೆ. ನಾನು ಓಡಿದೆ.

ಮೆಟ್ಟಿಲುಗಳು ಮಂಜಿನಿಂದ ಜಾರುತ್ತಿದ್ದವು. ನಡುವೆ ಒಂದು ಕಡೆ ಮೊಣಕಾಲಿಗೆ ಪೆಟ್ಟಾಗಿ ಕುಳಿತುಬಿಟ್ಟೆ. ಏಳಲು ಹೋದರೆ ಕಾಲು ಏಳಲಿಲ್ಲ. ಅಲ್ಲಿಂದಲೇ ಕೇಳಿಸಿತು, ಒಂದೇ ಒಂದು ಹುಟ್ಟಿನ ಸದ್ದು, ಅಳತೆ ತಪ್ಪಿ, ದೂರ ದೂರ ಹೋಗುತ್ತ, ಕೋಡಿಯ ಮೊರೆತದ ಕಡೆಗೆ. ದಡದಲ್ಲಿ ಒಂಬತ್ತು ದೋಣಿಯವರು, ಅವರ ಮನೆಯವರು, ಅಷ್ಟು ಜನ ಇದ್ದರೂ ಯಾರೂ ಉಸಿರೆತ್ತುವಂತಿಲ್ಲ, ಬೇರೆ ದನಿ ಎದ್ದರೆ ದೋಣಿ ದಿಕ್ಕು ತಪ್ಪೀತೆಂಬ ಭಯ. ನನ್ನ ದಾರಿ ಕಾಯುತ್ತಿದ್ದರು. ಮತ್ತೆ ಕೆಮ್ಮು. ಆಮೇಲೆ ಒಂದು ಮೌನ. ಅದನ್ನು ನಾನು ಗುರುತಿಸಿದೆ. ಅತ್ತೆ ಒಂದು ಸಾಲು ಮುಗಿಸಿ, ಮುಂದಿನದಕ್ಕೆ ಮನಸ್ಸು ಮಾಡುವ ಮುಂಚಿನ ಮೌನ.

“ನೀರಾಗ ನೈದಿಲಿ, ದೋಣ್ಯಾಗ ದೀಪ…”

ಕೂಗುವ ದನಿಯಲ್ಲ ಅದು. ಮದುವೆ ಮನೆಯ ಬಾಗಿಲಲ್ಲಿ, ಒಳಗೆ ಬಿಡದೆ ನಿಂತ ನಾದಿನಿಯರ ಎದುರು, ತಲೆ ತಗ್ಗಿಸಿ ಹೇಳುವ ರಾಗ. ಆದರೂ ಇಡೀ ಕೆರೆ ತುಂಬುವಷ್ಟು ದೊಡ್ಡದು.

“…ದ್ಯಾಮಣ್ಣ ಮನಿಗೆ ಬಂದ್ರ ಆರತಿ ಧೂಪ!”

ಮೆಟ್ಟಿಲ ಮೇಲೆ ಕುಳಿತಲ್ಲೇ ನಾನು ಕೈಮುಗಿದೆ. ಹುಟ್ಟಿನ ಸದ್ದು ನಿಂತುಹೋಗಿತ್ತು. ಕೋಡಿಯ ಮೊರೆತವೊಂದೇ. ಎಷ್ಟೋ ಹೊತ್ತು ಅನಿಸಿತು. ಆಮೇಲೆ ಹುಟ್ಟು ಮತ್ತೆ ನೀರಿಗೆ ಬಿತ್ತು, ಈ ಕಡೆಗೆ, ನೇರವಾಗಿ, ಜೋರಾಗಿ.

ನಾನು ಕುಂಟುತ್ತ ಕೆಳಗೆ ಬರುವಾಗ ದ್ಯಾಮಣ್ಣ ದೋಣಿ ಎಳೆದು ಕಟ್ಟುತ್ತಿದ್ದ. ಬಟ್ಟೆಯೆಲ್ಲ ಒದ್ದೆ. “ಯಾರದೋ ಮದುವಿ ನಡದೈತಿ ಅನ್ಕೊಂಡೆ. ಊಟಾರ ಸಿಕ್ಕೀತು ಅಂತ ಬಂದೆ” ಅಂದ. ಕಟ್ಟಿದ ಹಗ್ಗವನ್ನೇ ಮತ್ತೆ ಕಟ್ಟುತ್ತಿದ್ದ. ತುಂಗಕ್ಕ ಕಲ್ಲಿನಿಂದ ಇಳಿದು, ಯಾರ ಮುಖವನ್ನೂ ನೋಡದೆ, ಸೆರಗಿನಿಂದ ಅವನ ತಲೆ ಒರೆಸಿ, “ಸಾರು ಆರಿ ಹೋಗೈತಿ, ನಡೀರಿ” ಎಂದಳು. ಕಾಡುವವರು ಅಷ್ಟು ಜನ ಅಲ್ಲಿದ್ದರು. ಆ ದಿನ ಯಾರೂ ಕಾಡಲಿಲ್ಲ.

ಮರುದಿನ ಸಂಜೆಯೂ ಮಂಜು ಬಂತು. ಒಂಬತ್ತು ಹೆಸರಾದವು, ಒಂಬತ್ತು ಓ ಬಂದವು. ತುಂಗಕ್ಕ ಕೆಮ್ಮಿದಳು, ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಏಳಬೇಕಿತ್ತು. ಕಾಲಿಗೆ ಪಟ್ಟಿ ಕಟ್ಟಿದ್ದ ನೆಪವೂ ಇತ್ತು. ಕುಳಿತಲ್ಲಿಂದಲೇ ಮೆಲ್ಲಗೆ, “ಹೂಂ” ಎಂದೆ.

ಅವಳು ಕಣ್ಣು ಕೆರಳಿಸಿ ನನ್ನನ್ನು ನೋಡಿದಳು. ಮಂಜಿನಲ್ಲಿ ಹುಟ್ಟಿನ ಸದ್ದು ನಿಂತಿತು. ಅಲ್ಲಿಯೂ ಒಬ್ಬ ಕಾಯುತ್ತಿದ್ದ.